ನಾಲ್ಕನೆಯವಳ ಸಮಯ

ಈಚಿನ ವರ್ಷಗಳಲ್ಲಿ ಕರ್ನಾಟಕದ ಹುಡುಗಿಯರು ಓಡಿದ ಓಟಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಪದಕ ಸಿಗದೆ ಹೋದ ಒಂದು ಓಟ. 2021ರ ಆಗಸ್ಟ್, ನೈರೋಬಿಯ ಕಸರಾನಿ ಕ್ರೀಡಾಂಗಣ, 20 ವರ್ಷದೊಳಗಿನವರ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್, ಮಹಿಳೆಯರ 400 ಮೀಟರ್ ಫೈನಲ್. ಬೆಂಗಳೂರಿನಲ್ಲಿ ಅರ್ಜುನ್ ಅಜಯ್ ಅವರ ಕೈಯಲ್ಲಿ ಪಳಗಿದ ಪ್ರಿಯಾ ಮೋಹನ್ ಅಲ್ಲಿ ನಾಲ್ಕನೆಯವರಾದರು. ನೈಜೀರಿಯಾದ ಇಮಾಓಬಾಂಗ್ ಎನ್‌ಸೆ ಉಕೊ 51.55 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಪ್ರಿಯಾ ತೆಗೆದುಕೊಂಡದ್ದು 52.77. ಅಲ್ಲಿಯವರೆಗೆ ಅಷ್ಟು ವೇಗವಾಗಿ ಅವರು ಎಂದೂ ಓಡಿರಲಿಲ್ಲ. ಹುಡುಗ ಹುಡುಗಿಯರು ಕೂಡಿ ಓಡುವ ಮಿಶ್ರ ರಿಲೇಯ ಹೀಟ್, ರಿಲೇಯ ಫೈನಲ್, ತಮ್ಮದೇ ಸ್ಪರ್ಧೆಯ ಹೀಟ್ ಎಲ್ಲವನ್ನೂ ಮುಗಿಸಿ ಕೆಲವೇ ದಿನಗಳಲ್ಲಿ ನಾಲ್ಕನೆಯ ಸಲ 400 ಮೀಟರ್‌ಗೆ ನಿಂತ 18ರ ಹುಡುಗಿ, ಆ ನಾಲ್ಕನೆಯ ಸಲವೇ ತನ್ನ ಅಲ್ಲಿಯವರೆಗಿನ ಶ್ರೇಷ್ಠ ಓಟ ಓಡಿದಳು. ಕಾಲಲ್ಲಿ ಕಸುವು ಉಳಿದಿರಬೇಕು, ಉಳಿದದ್ದನ್ನು ಎಲ್ಲಿ ಖರ್ಚು ಮಾಡಬೇಕೆಂಬ ಲೆಕ್ಕವೂ ಗೊತ್ತಿರಬೇಕು. ಆಗ ಮಾತ್ರ ಇದು ಆಗುವ ಕೆಲಸ.

ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ರಿಲೇಯ ಕಂಚು. ಭರತ್ ಶ್ರೀಧರ್, ಪ್ರಿಯಾ, ಸಮ್ಮಿ, ಕಪಿಲ್ 3 ನಿಮಿಷ 20.60 ಸೆಕೆಂಡಿನಲ್ಲಿ ಗೆದ್ದ ಆ ಪದಕಕ್ಕೆ ಬೆಲೆಯಿಲ್ಲ ಎನ್ನುವವನು ನಾನಲ್ಲ. ಆದರೆ ಆ ವರ್ಷ ಮಿಶ್ರ ರಿಲೇಯಲ್ಲಿ ಯಾರು ಯಾವ ಸುತ್ತು ಓಡಬೇಕೆಂಬ ನಿಯಮ ಇರಲಿಲ್ಲ. ಒಂದು ತಂಡದ ಹುಡುಗಿಯ ಬೆನ್ನಿಗೆ ಇನ್ನೊಂದು ತಂಡದ ಹುಡುಗ ಬೀಳಬಹುದಿತ್ತು. ಅಂಥ ಓಟದಲ್ಲಿ ಒಬ್ಬ ಓಟಗಾರ್ತಿಯ ನಿಜವಾದ ಅಳತೆ ನೋಡುವವರ ಕಣ್ಣಿಗೆ ಸಿಗುವುದಿಲ್ಲ. 2022ರಿಂದ ಹುಡುಗ, ಹುಡುಗಿ, ಹುಡುಗ, ಹುಡುಗಿ ಎಂದು ಕ್ರಮ ನಿಗದಿಯಾಯಿತು. ಆ ವರ್ಷ ಕೊಲಂಬಿಯಾದ ಕಾಲಿಯಲ್ಲಿ ಭರತ್, ಪ್ರಿಯಾ, ಕಪಿಲ್, ರೂಪಲ್ ಚೌಧರಿ 3:17.76ರಲ್ಲಿ ಬೆಳ್ಳಿ ಗೆದ್ದರು. ಅಮೆರಿಕ ಗೆದ್ದದ್ದು 3:17.69ರಲ್ಲಿ. ನಾಲ್ಕು ಜನ ಸೇರಿ 1600 ಮೀಟರ್ ಓಡಿ, ಕೊನೆಗೆ ಉಳಿದ ಅಂತರ ಅರ್ಧ ಮೀಟರಿನಷ್ಟು. ನೈರೋಬಿಯ ಕಂಚಿಗಿಂತ ಇದು ಎಷ್ಟೋ ಪಾಲು ಮೇಲಿನ ಪದಕ, ಯಾಕೆಂದರೆ ಕೊರೊನಾದ ಕಾರಣಕ್ಕೆ ಅಮೆರಿಕ ನೈರೋಬಿಗೆ ತಂಡವನ್ನೇ ಕಳಿಸಿರಲಿಲ್ಲ.

ಇದೇ ಮಾತನ್ನು ನಾನು ಮೆಚ್ಚುವ ಆ ನಾಲ್ಕನೇ ಸ್ಥಾನಕ್ಕೂ ಅನ್ವಯಿಸಬೇಕು, ಇಲ್ಲದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ. ನಮೀಬಿಯಾದ ಕ್ರಿಸ್ಟಿನ್ ಎಂಬೋಮಾ ಅದೇ ವರ್ಷ ಜೂನ್‌ನಲ್ಲಿ 400 ಮೀಟರ್ ಅನ್ನು 48.54ರಲ್ಲಿ ಓಡಿದ್ದರು. ಆಕೆ ಮತ್ತು ಬಿಯಾಟ್ರಿಸ್ ಮಸಿಲಿಂಗಿ ಹುಟ್ಟಿನಿಂದಲೇ ಟೆಸ್ಟೋಸ್ಟಿರಾನ್ ಹೆಚ್ಚಿರುವವರು ಎಂಬ ಕಾರಣಕ್ಕೆ 400 ಮೀಟರ್ ಅವರಿಗೆ ನಿಷಿದ್ಧವಾಯಿತು. ನೈರೋಬಿಯಲ್ಲಿ ಅವರು 200 ಮೀಟರ್ ಓಡಿ ಚಿನ್ನ, ಬೆಳ್ಳಿ ಎರಡನ್ನೂ ಒಯ್ದರು. ನಮ್ಮ ದ್ಯುತಿ ಚಂದ್ 2014ರಲ್ಲಿ ಇಂಥದೇ ನಿಯಮದಿಂದ ಮನೆಯಲ್ಲಿ ಕೂರಬೇಕಾಗಿ ಬಂದದ್ದನ್ನು ಬಲ್ಲವರಿಗೆ ಈ ಹುಡುಗಿಯರ ಸಂಕಟ ಅರ್ಥವಾದೀತು. ಅವರು ಬಂದಿದ್ದರೆ ಪ್ರಿಯಾ ಆರನೆಯವರಾಗುತ್ತಿದ್ದರೇನೋ. ಅಮೆರಿಕದವರೂ ಬಂದಿದ್ದರೆ ಇನ್ನೂ ಕೆಳಗೆ. ಎತ್ತರದ ಊರಿನ ತೆಳುಗಾಳಿ ತುಸು ನೆರವಾಗಿರಲೂಬಹುದು. ಆದರೆ ಯಾರು ಬಂದರೂ ಬಿಟ್ಟರೂ 52.77 ಅಷ್ಟೇ ಇರುತ್ತಿತ್ತು. ಸ್ಥಾನ ಎನ್ನುವುದು ಅವತ್ತು ಪಕ್ಕದಲ್ಲಿ ನಿಂತವರನ್ನು ನೆಚ್ಚಿಕೊಂಡದ್ದು, ಸಮಯ ಮಾತ್ರ ಓಡಿದವಳ ಸ್ವಂತ ಗಳಿಕೆ.

ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಶಾಲಾ ಕೂಟಗಳಲ್ಲಿ ನಾವು ಕಳಕೊಳ್ಳುತ್ತಿರುವುದು ಈ ಗಳಿಕೆಯನ್ನೇ. ಕೂಟಗಳು ಬರುವುದು ಶ್ರಾವಣದ ಆಸುಪಾಸು, ಜಿಟಿಜಿಟಿ ಮಳೆಯ ನಡುವೆ. ಎರಿಮಣ್ಣಿನ ಮೈದಾನವಾದರೆ ಕಾಲಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆಯೇ ಭಾರ. ಬೆಳಗ್ಗೆ ಎಳೆದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ಅರ್ಧ ಅಳಿಸಿರುತ್ತದೆ. ಹುಡುಗಿಯರು ಬರಿಗಾಲಲ್ಲಿ, ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದುಕೊಂಡು ಗೆರೆಗೆ ಬರುತ್ತಾರೆ. ಪಿ.ಟಿ. ಮಾಸ್ತರರು ಸೀಟಿ ಊದುತ್ತಾರೆ. ಆಚೆ ತುದಿಯಲ್ಲಿ ನಿಂತ ಇನ್ನಿಬ್ಬರು ಮಾಸ್ತರರು ಮೊದಲು ಬಂದವರ ರಟ್ಟೆ ಹಿಡಿದು ಒಂದು, ಎರಡು, ಮೂರು ಎಂದು ಬರೆಸುತ್ತಾರೆ. ಅಲ್ಲಿಗೆ ಮುಗಿಯಿತು. ಎಷ್ಟು ಹೊತ್ತಿನಲ್ಲಿ ಓಡಿದಳು ಎಂದು ಬರೆದ ಹಾಳೆಯನ್ನು ನಾನು ಈ ಕೂಟಗಳಲ್ಲಿ ಕಂಡಿಲ್ಲ. ಬಿರುಸಾದ ಹೀಟ್‌ನಲ್ಲಿ ನಾಲ್ಕನೆಯವಳಾದ ಹುಡುಗಿ ಇನ್ನೊಂದು ಹೀಟ್‌ನ ಮೊದಲಿಗಳಿಗಿಂತ ಜೋರಾಗಿ ಓಡಿದ್ದರೂ ಅವಳೂ ಅದನ್ನು ಅರಿಯಳು, ಮಾಸ್ತರರೂ ಅರಿಯರು.

400 ಮೀಟರ್‌ಗೆ ಬಂದರೆ ಅನ್ಯಾಯ ಇನ್ನೂ ಹೆಚ್ಚು. ಸರಿಯಾದ ಟ್ರ್ಯಾಕ್‌ನಲ್ಲಿ ಲೇನ್ 1.22 ಮೀಟರ್ ಅಗಲ. ಒಳಲೇನ್‌ನವಳಿಗಿಂತ ಎರಡನೇ ಲೇನ್‌ನವಳು 7.04 ಮೀಟರ್ ಮುಂದೆ ನಿಲ್ಲಬೇಕು, ಆಮೇಲಿನ ಒಬ್ಬೊಬ್ಬರೂ ಹಿಂದಿನವಳಿಗಿಂತ 7.67 ಮೀಟರ್ ಮುಂದೆ. ನಮ್ಮಲ್ಲಿ ಬಹಳಷ್ಟು ಮೈದಾನಗಳು 200 ಮೀಟರ್ ಸುತ್ತಿನವು. ಅಲ್ಲಿ ಎರಡು ಸುತ್ತು ಲೇನ್‌ನಲ್ಲೇ ಓಡಿಸುವುದಾದರೆ ಈ ಅಂತರ ಇಮ್ಮಡಿಯಾಗಬೇಕು. ಟೇಪು ಹಿಡಿಯದೆ ಹೆಜ್ಜೆ ಹಾಕಿ ಅಳೆದರೆ ಅರ್ಧ ಮೀಟರ್ ಹೆಚ್ಚುಕಡಿಮೆಯಾಗುವುದು ಏನೂ ಅಲ್ಲ. ಕಾಲಿಯಲ್ಲಿ ಚಿನ್ನ ತಪ್ಪಿದ್ದು ಇಷ್ಟೇ ಅಂತರದಲ್ಲಿ.

ಸ್ಟಾಪ್‌ವಾಚ್ ಇದ್ದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ, ನಿಜ. 100 ಮೀಟರ್ ದೂರದಿಂದ ಸೀಟಿಯ ಸದ್ದು ಕಿವಿ ಮುಟ್ಟಲು 0.3 ಸೆಕೆಂಡು ಬೇಕು. ಆದ್ದರಿಂದ ವಾಚ್ ಹಿಡಿದವರು ಕಣ್ಣಿಗೆ ಕಾಣುವ ಗುರುತಿನ ಮೇಲೆ, ಹೊಗೆಯೋ ಇಳಿಸಿದ ಬಾವುಟವೋ, ಗುಂಡಿ ಒತ್ತಬೇಕು. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಅಳತೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ನಿಲ್ಲುತ್ತದೆ. 2022ರ ಜೂನ್‌ನಲ್ಲಿ ನಡಿಯಾದ್‌ನ ಜೂನಿಯರ್ ಫೆಡರೇಷನ್ ಕಪ್‌ನಲ್ಲಿ ರೂಪಲ್ 52.48, ಪ್ರಿಯಾ 52.49. ಸ್ಟಾಪ್‌ವಾಚ್ ಆಗಿದ್ದರೆ ಇಬ್ಬರಿಗೂ 52.5 ಎನ್ನುತ್ತಿತ್ತು. ಕಾಲಿಯಲ್ಲಿ ವೈಯಕ್ತಿಕ ಕಂಚು ಗೆದ್ದ ರೂಪಲ್ ಮತ್ತು ನಮ್ಮ ಹುಡುಗಿಯ ನಡುವೆ ಆ ದಿನ ಇದ್ದದ್ದು ಒಂದು ಸೆಕೆಂಡಿನ ನೂರನೆಯ ಒಂದು ಭಾಗ! ತಾಲೂಕಿನ ಮಟ್ಟದಲ್ಲಿ ಅಷ್ಟು ಸೂಕ್ಷ್ಮ ಬೇಕಿಲ್ಲ. 66 ಸೆಕೆಂಡಿನವಳು ಯಾರು, 72ರವಳು ಯಾರು ಎಂದು ತಿಳಿದರೆ ಸಾಕು. ಮುಂದಿನ ವರ್ಷ ಆ 72 ಎಷ್ಟಾಯಿತು ಎಂದು ನೋಡಿದರೆ ಇನ್ನೂ ಒಳ್ಳೆಯದು.

ಗಡಿಯಾರದ ಬೆಲೆ ಗೊತ್ತಿಲ್ಲದ ಜಿಲ್ಲೆ ಇದಲ್ಲ. ಗದಗಿನ ಸೈಕ್ಲಿಸ್ಟ್‌ಗಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದವರು. ಟೈಮ್ ಟ್ರಯಲ್‌ನಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾರೆ, ಪಕ್ಕದಲ್ಲಿ ಯಾರೂ ಇರುವುದಿಲ್ಲ, ಎದುರಾಳಿ ಗಡಿಯಾರವೊಂದೇ. ಸೈಕಲ್ ಮೇಲೆ ಕೂತ ಹುಡುಗಿಗೆ ನಾವು ಕೊಡುವ ಈ ನ್ಯಾಯ ಬರಿಗಾಲಲ್ಲಿ ನಿಂತವಳಿಗೆ ಯಾಕಿಲ್ಲ?

ಹಳ್ಳಿಯ ಮೈದಾನದಿಂದ ಎಲ್ಲಿಯವರೆಗೆ ಓಡಬಹುದೆಂಬುದಕ್ಕೆ ಉದಾಹರಣೆಯಿದೆ. ಅಸ್ಸಾಮಿನ ಧಿಂಗ್ ಕಡೆಯ ರೈತರ ಮಗಳು ಹಿಮಾ ದಾಸ್ 2018ರಲ್ಲಿ ಫಿನ್‌ಲೆಂಡಿನ ಟಾಂಪೆರೆಯಲ್ಲಿ, 20 ವರ್ಷದೊಳಗಿನವರ ಇದೇ ವಿಶ್ವ ಚಾಂಪಿಯನ್‌ಷಿಪ್‌ನ 400 ಮೀಟರ್ ಗೆದ್ದರು, 51.46. ಕೊನೆಯ ತಿರುವಿನಲ್ಲಿ ಹಿಂದಿದ್ದವರು ನೇರ ಹಾದಿಯಲ್ಲಿ ಎಲ್ಲರನ್ನೂ ದಾಟಿದರು. ಕೆಸರುಗದ್ದೆಯ ಮೈದಾನದಲ್ಲಿ ಹುಡುಗರ ಜೊತೆ ಫುಟ್‌ಬಾಲ್ ಆಡಿ ಬೆಳೆದವರು ಹಿಮಾ. ಆದರೆ ನಮ್ಮ ಕೂಟಗಳಲ್ಲಿ ಚುರುಕಾದ ಹುಡುಗಿಯರೆಲ್ಲ 100 ಮೀಟರ್‌ಗೇ ಹೆಸರು ಕೊಡುತ್ತಾರೆ, ನೋಡುವವರಿಗೂ ಅದೇ ಇಷ್ಟ. ಹೊಲದ ದಾರಿಯಲ್ಲಿ ನಡೆದೇ ಶಾಲೆಗೆ ಬರುವ ಈ ಹುಡುಗಿಯರ ದಮ್ಮಿಗೆ ಒಗ್ಗುವುದು 400 ಮೀಟರ್ ಎಂದು ನನ್ನ ಬಲವಾದ ಅನಿಸಿಕೆ. ಈ ಸಲದ ಕೂಟದಿಂದಲೇ ಫಲಿತಾಂಶದ ಹಾಳೆಯಲ್ಲಿ ಇನ್ನೊಂದು ಕಾಲಂ ಎಳೆಯಲಿ. ಮೂವರಿಗಷ್ಟೇ ಸಾಲದು, ಗೆರೆ ದಾಟಿದ ಎಲ್ಲರ ಸಮಯವನ್ನೂ ಬರೆಯಲಿ, ಮೂರೂ ತಾಲೂಕಿನ ಹಾಳೆಗಳನ್ನು ಜಿಲ್ಲೆಯಲ್ಲಿ ಒಟ್ಟಿಗಿಟ್ಟು ನೋಡಲಿ. ಅದಕ್ಕೆ ಬೇಕಾದದ್ದು ನಾಲ್ಕು ಸ್ಟಾಪ್‌ವಾಚ್, ಒಂದು ಉದ್ದನೆಯ ಟೇಪು.