ಮತಬೇಟೆಯ ಭಾಷೆ ಮತ್ತು ಓದುಗನ ಹೊಣೆ

ಭಾರತೀಯ ಕಾವ್ಯಮೀಮಾಂಸೆಯು ಓದುಗನನ್ನು ಕಾವ್ಯದ ಹೊರಗೆ ನಿಂತು ನೋಡುವ ತಟಸ್ಥನೆಂದು ಭಾವಿಸಿಲ್ಲ. ಕಾವ್ಯಾಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನು ಹೇಳುವಾಗ, ಓದುವುದೂ ಒಂದು ಸಾಧನೆ, ಆ ಸಾಧನೆಯಲ್ಲಿ ಕೊರತೆಯಾದರೆ ನಷ್ಟ ಓದುಗನಿಗೆ ಮಾತ್ರವಲ್ಲ, ಕಾವ್ಯಕ್ಕೂ ಹೌದು ಎಂಬ ತಿಳಿವಳಿಕೆ ಅಲ್ಲಿ ಅಡಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರು ಕ್ರಮಬದ್ಧವಾಗಿ ಓದದೆಯೂ ಕಾವ್ಯದ ಬಳಕೆಯನ್ನು ಬಲ್ಲವರೆಂದು ಹೆಮ್ಮೆಯಿಂದ ಹೇಳುತ್ತದೆ. ಇಂಥ ಪರಂಪರೆಯನ್ನು ಬೆನ್ನಿಗಿಟ್ಟುಕೊಂಡ ಕನ್ನಡ ವಿಮರ್ಶೆಯು ಕವಿತೆ, ಕಾದಂಬರಿ, ನಾಟಕಗಳ ಓದುಗನನ್ನು ಕುರಿತು ಸಾಕಷ್ಟು ಚಿಂತಿಸಿದೆ. ಆದರೆ ಅದೇ ಓದುಗನು ಪ್ರತಿದಿನ ಬೆಳಗ್ಗೆ ಓದುವ ವೃತ್ತಪತ್ರಿಕೆಯ ಗದ್ಯ, ಅದರಲ್ಲಿಯೂ ಚುನಾವಣೆಯ ಕಾಲದ ಗದ್ಯ, ವಿಮರ್ಶೆಯ ಕಕ್ಷೆಯೊಳಗೆ ಬಂದದ್ದು ಕಡಿಮೆ. ಅದನ್ನು ಪತ್ರಿಕೋದ್ಯಮ ವಿಭಾಗಗಳಿಗೆ ಬಿಟ್ಟುಕೊಟ್ಟು ಸಾಹಿತ್ಯ ವಿಮರ್ಶೆಯು ನಿಶ್ಚಿಂತವಾಗಿದೆ.

ಚುನಾವಣಾ ವರದಿಗಾರಿಕೆಯು ಮೇಲ್ಪದರದ್ದಾಗಿದೆ ಎಂಬ ದೂರು ಮಾತ್ರ ವಿಚಾರಸಂಕಿರಣಗಳಲ್ಲಿ ವಾಡಿಕೆಯ ಪಲ್ಲವಿಯಾಗಿದೆ. ಈ ದೂರಿನಲ್ಲಿ ಆರೋಪಿಗಳು ಯಾವಾಗಲೂ ಇಬ್ಬರೇ: ಮಾಧ್ಯಮದ ಒಡೆಯರು ಮತ್ತು ರಾಜಕೀಯ ಪಕ್ಷಗಳು. ದೂರು ಕೊಡುವವನು ಓದುಗ. ಅವನ ಪಾತ್ರವೇನು ಎಂದು ಕೇಳುವವರು ವಿರಳ. ವರದಿಗಾರಿಕೆಯ ಈ ತೆಳುತನವು ಓದುಗನ ಮೇಲೆ ಹೇರಲ್ಪಟ್ಟದ್ದು ಎನ್ನುವುದು ಅರ್ಧಸತ್ಯ. ಅದು ಅವನಿಗೆ ಅನುಕೂಲಕರವೂ ಆಗಿದೆ. ಈ ಅನುಕೂಲದ ಸ್ವರೂಪವನ್ನು ಅರಿಯಲು ಚುನಾವಣೆಯ ಪದಕೋಶದಿಂದ ಆರಂಭಿಸುವುದು ಸೂಕ್ತ.

ಕನ್ನಡ ಪತ್ರಿಕೆಗಳ ಚುನಾವಣಾ ಪುಟಗಳಲ್ಲಿ ಪದೇಪದೇ ಕಾಣುವ ಮಾತುಗಳು ಎರಡು ಮೂಲಗಳಿಂದ ಬಂದಿವೆ. ಕಣ, ಅಖಾಡ, ಪಟ್ಟು, ಹಣಾಹಣಿ, ಜಿದ್ದಾಜಿದ್ದಿ, ತೊಡೆ ತಟ್ಟುವುದು ಇವು ಗರಡಿಮನೆಯಿಂದ ಬಂದವು. ರಣಕಹಳೆ, ರಣತಂತ್ರ, ಭದ್ರಕೋಟೆ, ಲಗ್ಗೆ ಇವು ಯುದ್ಧಭೂಮಿಯಿಂದ. ಕುಸ್ತಿಯ ಮಾತಿನಲ್ಲಿ ತೀವ್ರ ಆಕ್ಷೇಪಾರ್ಹವಾದುದೇನೂ ಇಲ್ಲ. ಗರಡಿಗೆ ತನ್ನದೇ ನಿಯಮಗಳಿವೆ, ಅಲ್ಲಿ ನೋಡುಗರಿಗೂ ಪಟ್ಟುಗಳ ತಿಳಿವಳಿಕೆ ಇರುತ್ತದೆ. ಕೊರತೆಯೆಂದರೆ ಈ ರೂಪಕದಲ್ಲಿ ಮತದಾರನಿಗೆ ಕಟ್ಟೆಯ ಮೇಲೆ ಕುಳಿತು ಕೂಗುವುದರ ಹೊರತು ಬೇರೆ ಕೆಲಸವಿಲ್ಲ. ಯುದ್ಧದ ರೂಪಕದಲ್ಲಿ ಅವನ ಸ್ಥಿತಿ ಇನ್ನೂ ಕಷ್ಟದ್ದು. ಅಲ್ಲಿ ಅವನು ವಶಪಡಿಸಿಕೊಳ್ಳಬೇಕಾದ ನೆಲ.

ಈ ಎರಡಕ್ಕೂ ಸೇರದ, ಆದರೆ ಎರಡಕ್ಕಿಂತಲೂ ಹೆಚ್ಚು ಚಿಂತನಾರ್ಹವಾದ ಪದವೆಂದರೆ ‘ಮತಬೇಟೆ’. ಅಭ್ಯರ್ಥಿ ಮನೆಮನೆಗೆ ಹೋಗಿ ಕೈಮುಗಿಯುವುದನ್ನು ವರ್ಣಿಸಲು ಈ ಪದವನ್ನು ಎಷ್ಟು ಸಲೀಸಾಗಿ ಬಳಸಲಾಗುತ್ತಿದೆ ಎಂದರೆ ಅದರೊಳಗಿನ ಬೇಟೆಗಾರ ಮತ್ತು ಮಿಗ ಯಾರು ಎಂಬ ಪ್ರಶ್ನೆ ಏಳುವುದೇ ಇಲ್ಲ. ಇದೇ ಕ್ರಿಯೆಗೆ ಕನ್ನಡದಲ್ಲಿ ಇನ್ನೊಂದು ಪದವಿದೆ: ‘ಮತಯಾಚನೆ’. ಯಾಚನೆ ಎಂದೊಡನೆ ಸಂಬಂಧವೇ ತಿರುಗುಮುರುಗಾಗುತ್ತದೆ. ಯಾಚಿಸುವವನು ಕೆಳಗೆ ನಿಂತಿದ್ದಾನೆ. ಕೊಡಲೂಬಹುದಾದ, ಇಲ್ಲವೆನ್ನಲೂಬಹುದಾದ ಒಬ್ಬನು ಎದುರಿಗಿದ್ದಾನೆ. ಒಂದೇ ಬೀದಿಯ ಒಂದೇ ದೃಶ್ಯವು ಒಂದು ಪದದಲ್ಲಿ ಮತದಾರನನ್ನು ದಾನಿಯಾಗಿಯೂ ಇನ್ನೊಂದರಲ್ಲಿ ಬಲಿಯಾಗಿಯೂ ಕಾಣಿಸುತ್ತದೆ. ‘ಮತ’ ಎಂಬ ಮಾತಿಗೆ ಎಣಿಕೆಗೆ ಒಳಗಾಗುವ ಓಟು ಎಂಬ ಅರ್ಥ ಈಚಿನದು. ಅಭಿಪ್ರಾಯ, ವಿಚಾರ ಎಂಬುದು ಮೂಲಾರ್ಥ. ಆ ದೃಷ್ಟಿಯಿಂದ ಮತಬೇಟೆ ಎಂದರೆ ವಿಚಾರವನ್ನೇ ಬೇಟೆಯಾಡುವುದು ಎಂದಾಗುತ್ತದೆ. ಶೀರ್ಷಿಕೆ ಬರೆಯುವ ಅವಸರದಲ್ಲಿ ಉಪಸಂಪಾದಕನಿಗೆ ಇದು ಹೊಳೆಯದಿರಬಹುದು. ನಿರುಕ್ತವು ಕೆಲವೊಮ್ಮೆ ಹೀಗೆ ಸತ್ಯವನ್ನು ತಾನಾಗಿ ಹೇಳಿಬಿಡುತ್ತದೆ.

‘ಮತದಾನ’ ಎಂಬ ಶಾಸನಬದ್ಧ ಪದವನ್ನೂ ಇಲ್ಲಿಯೇ ಪರಿಶೀಲಿಸಬೇಕು. ಕೆಲವರು ಇದನ್ನು ಆಕ್ಷೇಪಿಸುತ್ತಾರೆ. ಓಟು ಹಕ್ಕೇ ಹೊರತು ದಾನವಲ್ಲ ಎಂಬುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೆ ದಾನ ಎಂಬ ಪರಿಕಲ್ಪನೆಯೊಳಗೆ ಹಕ್ಕು ಎಂಬುದರಲ್ಲಿ ಸ್ಪಷ್ಟವಾಗಿ ಕಾಣದ ಒಂದು ಅಂಶವಿದೆ. ದಾನಕೊಡುವವನು ಪಾತ್ರಾಪಾತ್ರ ವಿವೇಚನೆ ಮಾಡಬೇಕೆಂಬುದು ನಮ್ಮ ಪರಂಪರೆಯ ಹಳೆಯ ನಿಯಮ. ಅಪಾತ್ರದಾನದ ದೋಷ ಪಡೆದವನಿಗಷ್ಟೇ ಅಂಟುವುದಿಲ್ಲ, ಕೊಟ್ಟವನಿಗೂ ಅಂಟುತ್ತದೆ. ಮತಬೇಟೆ ಎಂಬ ಪದವು ಈ ದೋಷದಿಂದ ಮತದಾರನನ್ನು ಮುಕ್ತಗೊಳಿಸುತ್ತದೆ. ಮಿಗಕ್ಕೆ ಪಾಪವೆಲ್ಲಿಯದು? ಪದವು ಓದುಗರಲ್ಲಿ ಯಾವ ಪ್ರತಿರೋಧವನ್ನೂ ಹುಟ್ಟಿಸದೆ ಚಲಾವಣೆಯಾದುದಕ್ಕೆ ಇದೂ ಒಂದು ಕಾರಣವೆಂದು ಊಹಿಸಬಹುದು.

ಹೊಣೆ ಜಾರಿಹೋಗುವ ಇಂಥದೇ ಇನ್ನೊಂದು ಕಥೆ ‘ವೋಟ್ ಬ್ಯಾಂಕ್’ ಎಂಬ ಪದದ್ದು. ಇಂದು ಇಡೀ ದೇಶದ ರಾಜಕೀಯ ಚರ್ಚೆಯಲ್ಲಿ ಓಡಾಡುವ ಈ ಪದವು ವಿದ್ವತ್ತಿನ ಬರಹಕ್ಕೆ ಬಂದದ್ದು ಮೈಸೂರು ಸೀಮೆಯ ಒಂದು ಹಳ್ಳಿಯ ಅಧ್ಯಯನದಿಂದ. ಎಂ. ಎನ್. ಶ್ರೀನಿವಾಸರು 1948ರಲ್ಲಿ ಕ್ಷೇತ್ರಕಾರ್ಯ ನಡೆಸಿ, ರಾಂಪುರ ಎಂಬ ಕಲ್ಪಿತ ಹೆಸರಿನಲ್ಲಿ ವರ್ಣಿಸಿದ ಹಳ್ಳಿಯನ್ನು ಕುರಿತ 1955ರ ಪ್ರಬಂಧದಲ್ಲಿ ಅದನ್ನು ಬಳಸಿದರು. ಅಲ್ಲಿ ವೋಟ್ ಬ್ಯಾಂಕ್ ಎಂದರೆ ಒಂದು ಜಾತಿಯಲ್ಲ, ಒಂದು ಧರ್ಮವಲ್ಲ. ಊರಿನ ಪ್ರಬಲ ಯಜಮಾನನೊಬ್ಬನು ತನ್ನನ್ನು ನಂಬಿ ಬದುಕುವವರ ಮತಗಳನ್ನು ಪಕ್ಷವೊಂದಕ್ಕೆ ಒದಗಿಸುವ, ಅದಕ್ಕೆ ಪ್ರತಿಯಾಗಿ ಬಾಯಿಬಿಟ್ಟು ಹೇಳದ ಲಾಭವೊಂದನ್ನು ನಿರೀಕ್ಷಿಸುವ ವ್ಯವಸ್ಥೆಯನ್ನು ಆ ಪದವು ಸೂಚಿಸುತ್ತಿತ್ತು. ಗುಪ್ತ ಮತದಾನದಿಂದಾಗಿ ಅಂಚಿನ ಕೆಲವು ಮತಗಳು ಯಜಮಾನನ ಹಿಡಿತದಿಂದ ಪಾರಾಗುತ್ತವೆ ಎಂಬುದನ್ನೂ ಅವರು ಗಮನಿಸಿದ್ದರು. ಎಂದರೆ ಮೂಲ ಪರಿಕಲ್ಪನೆಯಲ್ಲಿ ಬ್ಯಾಂಕಿನ ಒಡೆಯನೂ ಇದ್ದ, ಅವನ ಕಣ್ಣು ತಪ್ಪಿಸಿ ಸ್ವತಂತ್ರವಾಗಿ ಮತ ಹಾಕಬಲ್ಲ ವ್ಯಕ್ತಿಯೂ ಇದ್ದ.

ಮುಂದಿನ ದಶಕಗಳಲ್ಲಿ ಪತ್ರಿಕೆಗಳು ಈ ಪದವನ್ನು ಎತ್ತಿಕೊಂಡು ಸಮುದಾಯಗಳಿಗೆ ಅಂಟಿಸಿದವು. ಯಜಮಾನ ಮರೆಯಾದ, ಸಮುದಾಯವೇ ಬ್ಯಾಂಕಾಯಿತು. ಅದರೊಂದಿಗೆ ಪದದ ವಿಮರ್ಶಾಶಕ್ತಿಯೂ ಹೋಯಿತು. ಪ್ರತಿ ಕ್ಷೇತ್ರಕ್ಕೂ ಜಾತಿವಾರು ಮತದಾರರ ಅಂದಾಜು ಸಂಖ್ಯೆಯನ್ನು ಕೊಡುವ ಪಟ್ಟಿಯು ಕ್ಷೇತ್ರ ಪರಿಚಯದ ಬದಲಿಗೆ ಬಂದು ನಿಂತಿತು. ಆ ಅಂಕಿಗಳ ಆಧಾರವೇನು ಎಂದು ಬಹುತೇಕ ಪಟ್ಟಿಗಳು ಹೇಳುವುದಿಲ್ಲ. ಓದುಗನು ಕೇಳುವುದೂ ಇಲ್ಲ. ಅವನು ಮೊದಲು ಹುಡುಕುವುದು ತನ್ನ ಜಾತಿಯ ಮುಂದಿರುವ ಸಂಖ್ಯೆಯನ್ನು. ನೀರು, ಶಾಲೆ, ಆಸ್ಪತ್ರೆ, ಬೆಳೆವಿಮೆಗಳ ವಿಷಯದಲ್ಲಿ ಕ್ಷೇತ್ರದ ಸ್ಥಿತಿ ಏನೆಂದು ಬರೆದ ಅಂಕಣಕ್ಕಿಂತ ಈ ಪಟ್ಟಿಯೇ ಊರಿನ ಹೋಟೆಲುಗಳಲ್ಲಿ ಚರ್ಚೆಗೆ ಗ್ರಾಸವಾಗುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಮಾಹಿತಿಯ ಅಭಾವವೇ ಇದಕ್ಕೆ ಕಾರಣ ಎಂದು ಒಂದು ಕಾಲದಲ್ಲಿ ವಾದಿಸಬಹುದಿತ್ತು. ಈಗ ಆ ವಾದಕ್ಕೆ ಬಲವಿಲ್ಲ. ಅಹಮದಾಬಾದಿನ ಭಾರತೀಯ ನಿರ್ವಹಣಾ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಕಟ್ಟಿದ ಸಂಘಟನೆಯೊಂದು 1999ರಲ್ಲಿ ಆರಂಭಿಸಿದ ಕಾನೂನು ಹೋರಾಟದ ಫಲವಾಗಿ, ಅಭ್ಯರ್ಥಿಗಳ ಅಪರಾಧ ಹಿನ್ನೆಲೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2002ರ ಮೇ ತಿಂಗಳಲ್ಲಿ ತೀರ್ಪು ನೀಡಿತು. ತೀರ್ಪಿನ ಪರಿಣಾಮವನ್ನು ಕುಗ್ಗಿಸಲು ಪ್ರಜಾಪ್ರಾತಿನಿಧ್ಯ ಕಾಯಿದೆಗೆ ತಂದ ತಿದ್ದುಪಡಿಯು 2003ರ ಮಾರ್ಚಿಯಲ್ಲಿ ಅಸಿಂಧುವಾಯಿತು. 2004ರ ಲೋಕಸಭಾ ಮತ್ತು ಕರ್ನಾಟಕ ವಿಧಾನಸಭಾ ಚುನಾವಣೆಗಳ ಹೊತ್ತಿಗೆ ಪ್ರಮಾಣಪತ್ರಗಳು ಸಾರ್ವಜನಿಕ ದಾಖಲೆಗಳಾಗಿದ್ದವು. ಇಷ್ಟು ಸಾಲದೆಂದು 2018ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯವು, ಮೊಕದ್ದಮೆಗಳಿರುವ ಅಭ್ಯರ್ಥಿಗಳೂ ಅವರ ಪಕ್ಷಗಳೂ ಆ ವಿವರವನ್ನು ಹೆಚ್ಚು ಪ್ರಸಾರವಿರುವ ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ಪ್ರಕಟಿಸಬೇಕೆಂದು ಆದೇಶಿಸಿತು. ಕನಿಷ್ಠ ಮೂರು ಬಾರಿ ಪ್ರಕಟಿಸಬೇಕು, ಅಕ್ಷರದ ಗಾತ್ರ 12ಕ್ಕಿಂತ ಕಡಿಮೆಯಿರಬಾರದು ಎಂಬ ಮಟ್ಟಿಗೆ ನಿಯಮಗಳು ರೂಪುಗೊಂಡವು. ಅಕ್ಷರದ ಗಾತ್ರವನ್ನು ಗೊತ್ತುಮಾಡುವವರೆಗೆ ಕಾನೂನು ಬರಬಲ್ಲದು. ಆ ಅಕ್ಷರವನ್ನು ಓದಿಸುವ ಕಾನೂನು ಇಲ್ಲ, ಇರಲೂಬಾರದು. ಪತ್ರಿಕೆಯ ಒಳಪುಟದಲ್ಲಿ ಕೋಷ್ಟಕದ ರೂಪದಲ್ಲಿ ಬರುವ ಆ ಪ್ರಕಟಣೆಯ ಮುಂದೆ ಓದುಗನು ಸಂಪೂರ್ಣ ಸ್ವತಂತ್ರನು. ಆದ್ದರಿಂದಲೇ ಪುಟ ಮಗುಚುವುದೂ ಅವನದೇ ಕೃತ್ಯ.

ಓದುಗನಿಗೆ ನೇರವಾಗಿ ವಂಚನೆಯಾಗುವ ಸಂದರ್ಭವೂ ಉಂಟು. ಕಾಸಿಗಾಗಿ ಸುದ್ದಿಯ ಪ್ರಕರಣಗಳಲ್ಲಿ ಜಾಹೀರಾತು ವರದಿಯ ವೇಷ ತೊಟ್ಟು ಬರುತ್ತದೆ. 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಪರಸ್ಪರ ಪ್ರತಿಸ್ಪರ್ಧಿಗಳಾದ ಮರಾಠಿ ದಿನಪತ್ರಿಕೆಗಳಲ್ಲಿ ಒಂದೇ ಪ್ರಶಂಸಾ ಲೇಖನವು ಅಕ್ಷರವೂ ವ್ಯತ್ಯಾಸವಿಲ್ಲದಂತೆ ಪ್ರಕಟವಾದುದನ್ನು ಪಿ. ಸಾಯಿನಾಥರು ಬಯಲಿಗೆ ತಂದರು. ಭಾರತೀಯ ಪತ್ರಿಕಾ ಮಂಡಳಿಯು ನೇಮಿಸಿದ ಇಬ್ಬರು ಸದಸ್ಯರ ಉಪಸಮಿತಿ 2010ರಲ್ಲಿ ವಿಸ್ತಾರವಾದ ವರದಿ ಕೊಟ್ಟಿತು. ಮಂಡಳಿಯು ಸಂಕ್ಷಿಪ್ತ ರೂಪವನ್ನಷ್ಟೇ ಹೊರಗಿಟ್ಟಿತು. ಪೂರ್ಣಪಾಠ ಹೊರಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗವು ಸೂಚಿಸಬೇಕಾಯಿತು. ಮನೆಗೆ ಒಂದೇ ಪತ್ರಿಕೆ ತರಿಸುವ ಓದುಗನಿಗೆ ಈ ಜೋಡಿ ಲೇಖನಗಳ ಮೋಸ ತಿಳಿಯುವ ಸಾಧ್ಯತೆಯಿಲ್ಲ ಎಂಬುದನ್ನು ಒಪ್ಪಲೇಬೇಕು. ಹಲವು ಪತ್ರಿಕೆಗಳು ಒಂದೇ ಮೇಜಿನ ಮೇಲೆ ಬೀಳುವ ಸಾರ್ವಜನಿಕ ವಾಚನಾಲಯದಲ್ಲಿ ಮಾತ್ರ ಅದು ಕಣ್ಣಿಗೆ ಹೊಡೆಯುವಂಥದು.

ಆದರೂ ಬಿಸೌಲಿಯ ಪ್ರಕರಣವು ಓದುಗನ ಬಗೆಗೆ ಒಂದು ಪ್ರಶ್ನೆಯನ್ನು ಉಳಿಸುತ್ತದೆ. 2007ರಲ್ಲಿ ಉತ್ತರ ಪ್ರದೇಶದ ಆ ಕ್ಷೇತ್ರದಿಂದ ಆಯ್ಕೆಯಾದ ಉಮ್ಲೇಶ್ ಯಾದವ್ ಅವರನ್ನು, ಹಿಂದಿ ಪತ್ರಿಕೆಗಳಲ್ಲಿ ಸುದ್ದಿಯ ರೂಪದಲ್ಲಿ ಬಂದ ಪ್ರಚಾರದ ವೆಚ್ಚವನ್ನು ಲೆಕ್ಕದಲ್ಲಿ ತೋರಿಸದ ಕಾರಣಕ್ಕಾಗಿ ಚುನಾವಣಾ ಆಯೋಗವು 2011ರ ಅಕ್ಟೋಬರಿನಲ್ಲಿ ಮೂರು ವರ್ಷಗಳ ಅವಧಿಗೆ ಅನರ್ಹಗೊಳಿಸಿತು. ದೂರನ್ನು ಪತ್ರಿಕಾ ಮಂಡಳಿಗೆ ಒಯ್ದವರು ಸೋತ ಎದುರಾಳಿ ಅಭ್ಯರ್ಥಿ. ಮೋಸಹೋದವರು ಆ ಪತ್ರಿಕೆಗಳ ಸಾವಿರಾರು ಚಂದಾದಾರರು. ಆದರೆ ಹಾನಿಯನ್ನು ತನ್ನದೆಂದು ಭಾವಿಸಿದವನು ಚುನಾವಣೆಯಲ್ಲಿ ಸೋತವನು. ಹಾಲಿಗೆ ನೀರು ಬೆರೆಸಿದರೆ ಜಗಳವಾಡುವ ಗ್ರಾಹಕನು ಸುದ್ದಿಗೆ ಜಾಹೀರಾತು ಬೆರೆತಾಗ ತನಗೆ ನಷ್ಟವಾಯಿತೆಂದು ತಿಳಿಯದಿರುವುದೇಕೆ? ಪತ್ರಿಕೆಯ ಬೆಲೆಯು ಅದರ ಉತ್ಪಾದನಾ ವೆಚ್ಚಕ್ಕಿಂತ ಬಹಳ ಕಡಿಮೆ, ಉಳಿದುದನ್ನು ಜಾಹೀರಾತುದಾರ ಭರಿಸುತ್ತಾನೆ ಎಂಬ ಅರ್ಥಶಾಸ್ತ್ರವು ಉತ್ತರದ ಒಂದು ಭಾಗ. ಅಗ್ಗವಾಗಿ ಸಿಕ್ಕಿದುದರ ಮೇಲೆ ಹಕ್ಕೊತ್ತಾಯದ ದನಿ ಏಳುವುದಿಲ್ಲ.

ಕರ್ನಾಟಕಕ್ಕೆ ಬಂದರೆ, ಪದವೊಂದು ನೈತಿಕ ಪ್ರಶ್ನೆಯನ್ನು ಹೇಗೆ ಮುಚ್ಚಬಲ್ಲದೆಂಬುದಕ್ಕೆ 2008ರಿಂದ ಬಳಕೆಗೆ ಬಂದ ‘ಆಪರೇಷನ್’ ಎಂಬ ಮಾತು ಸಾಕು. ಆಯ್ಕೆಯಾದ ಶಾಸಕರು ರಾಜೀನಾಮೆಯಿತ್ತು ಬೇರೊಂದು ಪಕ್ಷದಿಂದ ಮರುಚುನಾವಣೆಗೆ ನಿಲ್ಲುವುದನ್ನು ಪಕ್ಷಾಂತರ ಎಂದು ಕರೆದಾಗ ಅದರಲ್ಲಿ ದೋಷದ ಧ್ವನಿಯಿತ್ತು. ಆಪರೇಷನ್ ಎಂದಾಗ ಅದು ಕೌಶಲದ ವಿಷಯವಾಯಿತು. ಯಶಸ್ವಿಯಾಯಿತೆ, ವಿಫಲವಾಯಿತೆ ಎಂಬುದಷ್ಟೇ ಉಳಿಯಿತು. 2019ರ ಜುಲೈಯಲ್ಲಿ ಸಭಾಧ್ಯಕ್ಷರು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಅವಕಾಶ ನೀಡಿತು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ನಡೆದ ಉಪಚುನಾವಣೆಯಲ್ಲಿ, ಅನರ್ಹಗೊಂಡು ಆಳುವ ಪಕ್ಷದಿಂದ ಸ್ಪರ್ಧಿಸಿದ 13 ಮಂದಿಯಲ್ಲಿ 11 ಮಂದಿ ಗೆದ್ದರು. ಈ ಫಲಿತಾಂಶವನ್ನು ಮತದಾರರ ಅಜ್ಞಾನವೆಂದು ತಳ್ಳಿಹಾಕುವುದು ವಿದ್ವಾಂಸರ ಸೊಕ್ಕಾದೀತು. ಕ್ಷೇತ್ರಕ್ಕೆ ಅನುದಾನ ಬೇಕು, ಅದಕ್ಕೆ ಶಾಸಕನು ಆಳುವ ಪಕ್ಷದಲ್ಲಿರಬೇಕು ಎಂಬ ಲೆಕ್ಕವೂ ಒಂದು ವಿವೇಚನೆಯೇ. ಆದರೆ ಅದನ್ನು ವಿವೇಚನೆಯೆಂದು ಒಪ್ಪಿದ ಮೇಲೆ, ಅದರ ಪರಿಣಾಮಕ್ಕೆ ಮಾಧ್ಯಮವೇ ಕಾರಣ, ಜನರು ಮುಗ್ಧರು ಎನ್ನುವ ವಾದವನ್ನು ಕೈಬಿಡಬೇಕಾಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಬರುವುದಿಲ್ಲ.

ಜನರ ಹೊಣೆ ಎಂಬ ಮಾತು ಬಲಿಷ್ಠರ ತಪ್ಪನ್ನು ದುರ್ಬಲರ ತಲೆಗೆ ಕಟ್ಟುವ ಉಪಾಯವಾಗಬಹುದೆಂಬ ಆಕ್ಷೇಪವು ಗಂಭೀರವಾದುದು. ಅಮೆರಿಕದ ವಾಲ್ಟರ್ ಲಿಪ್‌ಮನ್ 1925ರಲ್ಲಿಯೇ, ಎಲ್ಲ ವಿಷಯಗಳನ್ನೂ ಅರಿತು ತೀರ್ಮಾನಿಸುವ ಸಾರ್ವಜನಿಕನೆಂಬವನು ಒಂದು ಭ್ರಮೆ ಎಂದು ವಾದಿಸಿದ್ದನು. 1927ರಲ್ಲಿ ಜಾನ್ ಡ್ಯೂಯಿ ಕೊಟ್ಟ ಉತ್ತರವು, ಸಾರ್ವಜನಿಕರು ಒಬ್ಬೊಬ್ಬರಾಗಿ ಅಲ್ಲ, ಪರಸ್ಪರ ಸಂವಾದದಲ್ಲಿ ರೂಪುಗೊಳ್ಳುತ್ತಾರೆ ಎಂಬ ಧಾಟಿಯದು. ದಿನಗೂಲಿಯಲ್ಲಿ ಬದುಕುವವನ ಹೊಣೆಯೂ ಗ್ರಂಥಾಲಯದಲ್ಲಿ ಕುಳಿತವನ ಹೊಣೆಯೂ ಸಮವಲ್ಲ. ಬಿಡುವು, ಅಕ್ಷರ, ದಾಖಲೆಗಳನ್ನು ತಲುಪುವ ಸೌಕರ್ಯ ಇವು ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. ಮಾಧ್ಯಮದ ತೆಳುತನವನ್ನು ಗಟ್ಟಿಯಾಗಿ ಖಂಡಿಸುವ ಸುಶಿಕ್ಷಿತ ವರ್ಗವೇ ಈ ಅಳತೆಯಲ್ಲಿ ಮೊದಲು ನಿಲ್ಲಬೇಕಾದುದು.

ಪತ್ರಿಕೆಗಳನ್ನು ನಡೆಸಿ ಬಲ್ಲ ಡಿ. ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ್ದು ಇನ್ನೊಂದು ಪತ್ರಿಕಾಲಯವನ್ನಲ್ಲ. ಸಾರ್ವಜನಿಕ ವಿಷಯಗಳನ್ನು ಓದಿ ಚರ್ಚಿಸುವ ಗೋಖಲೆ ಸಂಸ್ಥೆಯನ್ನು. ಒಳ್ಳೆಯ ಪತ್ರಿಕೆಗೆ ಮೊದಲು ಒಳ್ಳೆಯ ಓದುಗವರ್ಗ ಬೇಕೆಂಬ ಅರಿವು ಆ ಆಯ್ಕೆಯಲ್ಲಿ ಕಾಣುತ್ತದೆ. ಅಂಥ ಓದುಗವರ್ಗವು ಕನ್ನಡದಲ್ಲಿ ಇತ್ತೆ, ಇದ್ದರೆ ಚುನಾವಣೆಗಳ ಕಾಲದಲ್ಲಿ ಅದು ಏನನ್ನು ಕೇಳಿತು ಎಂಬುದಕ್ಕೆ ಸಾಕ್ಷ್ಯ ಒಂದೆಡೆ ಇದೆ. ಅದು ಪತ್ರಿಕೆಗಳ ವಾಚಕರ ಪತ್ರಗಳ ಅಂಕಣ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಿಂದ ಈಚೆಗೆ ಪ್ರತಿ ಚುನಾವಣೆಯ ಮುಂಚಿನ ಒಂದು ತಿಂಗಳ ಪತ್ರಗಳನ್ನು ಕ್ರಮವಾಗಿ ಸಂಗ್ರಹಿಸಿ, ಓದುಗರು ಬಳಸಿದ ಪದಗಳನ್ನು ಅದೇ ದಿನಗಳ ಶೀರ್ಷಿಕೆಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಮತಬೇಟೆ ಎಂಬ ಪದವು ವರದಿಗಾರನಿಂದ ಓದುಗನಿಗೆ ಬಂದಿತೆ ಅಥವಾ ಓದುಗನಿಂದ ವರದಿಗಾರನಿಗೆ ಹೋಯಿತೆ ಎಂಬುದನ್ನು ಊಹೆಯ ನೆಲೆಯಿಂದ ಆಚೆಗೆ ಒಯ್ಯಬಹುದು. ಆ ಪತ್ರಿಕೆಗಳ ಹಳೆಯ ಸಂಪುಟಗಳ ಕಾಗದವು ಪುಡಿಯಾಗುವ ಮುನ್ನ ಈ ಕೆಲಸ ಆಗಬೇಕಿದೆ.