ಬಚ್ಚಲುಮನೆಯವರೆಗೂ ಹೋಗುವ ವಿದ್ಯೆ

ಲಕ್ವ ಹೊಡೆದವರು ದಿನದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರು ಎಂದು ಅಳೆಯಲು ಆಸ್ಪತ್ರೆಗಳಲ್ಲಿ ಬಾರ್ಥೆಲ್ ಇಂಡೆಕ್ಸ್ ಎಂಬ ಪಟ್ಟಿ ಬಳಕೆಯಲ್ಲಿದೆ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಊಟ, ಸ್ನಾನ, ಉಡುಪು, ಶೌಚ, ಮೆಟ್ಟಿಲು ಹತ್ತುವುದು ಹೀಗೆ ಹತ್ತು ಬಾಬತ್ತು, ಒಟ್ಟು 100 ಅಂಕ. ಈಗ ಹೆಚ್ಚಾಗಿ ಬಳಸುವ ಅದರ ರೂಪದಲ್ಲಿ, ಆಹಾರ ಕತ್ತರಿಸಿಕೊಳ್ಳಲು ಅಥವಾ ಬೆಣ್ಣೆ ಸವರಿಕೊಳ್ಳಲು ಇನ್ನೊಬ್ಬರ ನೆರವು ಬೇಕಾದರೆ ಊಟಕ್ಕೆ ಅರ್ಧ ಅಂಕ.

ಮಂಡ್ಯದ ಕಡೆಯ ರೈತನೊಬ್ಬನ ಬಲಗೈ ಬಿದ್ದುಹೋಗಿದೆ ಎಂದುಕೊಳ್ಳೋಣ. ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬೆರಳ ತುದಿಯಿಂದ ಬಾಯಿಗೆ ಜಾರಿಸುವ ಕೈ ಅವನಿಗೆ ಬೇಕು. ಎಡಗೈಗೆ ಚಮಚ ಕೊಟ್ಟು ಕಲಿಸಿದರೆ ಪಟ್ಟಿಯಲ್ಲಿ ಪೂರ್ತಿ ಅಂಕ ಬೀಳುತ್ತದೆ. ಆದರೆ ಎಡಗೈಯಲ್ಲಿ ಉಣ್ಣುವುದನ್ನು ನಾಲ್ಕು ಜನ ನೋಡುತ್ತಾರೆಂದು ಅವನು ಮದುವೆಮನೆಯ ಪಂಕ್ತಿಯನ್ನೇ ಬಿಟ್ಟುಬಿಡಬಹುದು. ಆ ನಷ್ಟವನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಜಾಗವಿಲ್ಲ. ಕುಕ್ಕರಗಾಲಿನಲ್ಲಿ ಕೂತು ಏಳುವುದಕ್ಕೆ, ಒಂದೇ ಕೈಯಲ್ಲಿ ಚೊಂಬು ಹಿಡಿದು ತೊಳೆದುಕೊಳ್ಳುವುದಕ್ಕೆ, ನೆಲಕ್ಕೆ ಹಾಸಿದ ಚಾಪೆಯಿಂದ ಮೇಲೇಳುವುದಕ್ಕೆ, ಸೀರೆಯ ನೆರಿಗೆ ಹಿಡಿದು ಸಿಕ್ಕಿಸುವುದಕ್ಕೆ ಕೂಡ ಜಾಗವಿಲ್ಲ.

ಆಕ್ಯುಪೇಷನಲ್ ಥೆರಪಿ ಎಂಬ ವೃತ್ತಿಯನ್ನು ನಾನು ತೂಗಿ ನೋಡುವುದು ಇಲ್ಲಿಂದ. ಆ ಬಿಟ್ಟ ಜಾಗವನ್ನು ತುಂಬಬಲ್ಲ ವಿದ್ಯೆ ಆರೋಗ್ಯ ವ್ಯವಸ್ಥೆಯಲ್ಲಿ ಯಾವುದಾದರೂ ಇದ್ದರೆ ಇದೇ. ಶಸ್ತ್ರವೈದ್ಯರು ಮೂಳೆ ಕೂಡಿಸುತ್ತಾರೆ, ಫಿಸಿಯೋಥೆರಪಿಸ್ಟ್ ಭುಜ ಎತ್ತಿಸುತ್ತಾರೆ, ನಡೆಸುತ್ತಾರೆ. ಎತ್ತಿದ ಕೈ ತಲೆ ಬಾಚೀತೇ, ನಡೆವ ಕಾಲು ಬಚ್ಚಲುಮನೆಯ ಹೊಸ್ತಿಲು ದಾಟೀತೇ ಎಂದು ಕೇಳಿ, ದಾಟುವವರೆಗೆ ಜೊತೆಗಿರಬೇಕಾದವರು ಆಕ್ಯುಪೇಷನಲ್ ಥೆರಪಿಸ್ಟ್. ಅವರ ಉಪಾಯಗಳು ನೋಡಲು ಬಹಳ ಸಣ್ಣವು. ಚಮಚದ ಹಿಡಿಗೆ ಸ್ಪಂಜು ಸುತ್ತಿ ದಪ್ಪ ಮಾಡುವುದು. ರವಿಕೆಯ ಹುಕ್ಕು ತೆಗೆಸಿ ವೆಲ್ಕ್ರೋ ಹೊಲಿಸುವುದು. ಈಳಿಗೆಮಣೆಗೆ ಎರಡೂ ಕೈ ಬೇಕು. ಒಂದೇ ಕೈ ಉಳಿದ ಹೆಣ್ಣುಮಗಳಿಗೆ ಹಲಗೆಯೊಂದಕ್ಕೆ ತುಕ್ಕು ಹಿಡಿಯದ ಎರಡು ಮೊಳೆ ಹೊಡೆದುಕೊಟ್ಟರೆ, ಈರುಳ್ಳಿಯನ್ನು ಅದಕ್ಕೆ ಚುಚ್ಚಿ ನಿಲ್ಲಿಸಿ ಚಾಕುವಿನಲ್ಲಿ ಹೆಚ್ಚಿಕೊಳ್ಳುತ್ತಾಳೆ. ಹುಳಿಗೆ ಉಪ್ಪು ಎಷ್ಟು ಎಂದು ಮತ್ತೆ ಅವಳೇ ತೀರ್ಮಾನಿಸುತ್ತಾಳೆ. ಅಡುಗೆಮನೆಯಲ್ಲಿ ಅಧಿಕಾರ ಕಳೆದುಕೊಂಡು ಮೂಲೆಯ ಮಂಚಕ್ಕೆ ಸರಿದ ಹೆಂಗಸರನ್ನು ಕಂಡವರಿಗೆ ಆ ಎರಡು ಮೊಳೆಯ ಬೆಲೆ ಗೊತ್ತಾಗುತ್ತದೆ.

ಈ ವಿದ್ಯೆ ನಮ್ಮಲ್ಲಿಗೆ ತಡವಾಗಿ ಬಂದದ್ದೇನೂ ಅಲ್ಲ. ಅಮೆರಿಕದಲ್ಲಿ ಇದರ ಮೊದಲ ಸಂಘ ಹುಟ್ಟಿದ್ದು 1917ರಲ್ಲಿ. ಭಾರತದ ಮೊದಲ ಶಾಲೆ 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಶುರುವಾಯಿತು. ಅದನ್ನು ಕಟ್ಟಿದ ಕಮಲಾ ನಿಂಬಕರ್ ಹುಟ್ಟಿನಿಂದ ಅಮೆರಿಕದವರು, ಮದುವೆಯಾಗಿ ಇಲ್ಲಿಗೆ ಬಂದು ಇಲ್ಲಿಯವರೇ ಆದವರು. 1952ರಲ್ಲಿ ವೃತ್ತಿಯ ವಿಶ್ವ ಒಕ್ಕೂಟ ಸ್ಥಾಪನೆಯಾದಾಗ ಸ್ಥಾಪಕರಾದ ಹತ್ತು ದೇಶಗಳಲ್ಲಿ ಭಾರತವೂ ಒಂದು. ಇಷ್ಟು ಮುಂಚೆ ಹೊರಟವರು ಇಂದಿಗೂ ಜಿಲ್ಲೆ, ತಾಲ್ಲೂಕುಗಳ ಜನರಿಗೆ ಅಪರಿಚಿತರಾಗಿ ಉಳಿದಿರುವುದು ನನ್ನನ್ನು ಕಾಡುತ್ತದೆ. ಕರ್ನಾಟಕದಲ್ಲಿ ಮಣಿಪಾಲದಂಥ ಕಡೆ ಗಟ್ಟಿಯಾದ ಶಿಕ್ಷಣ ಸಿಗುತ್ತದೆ. ಆದರೆ ಫಿಸಿಯೋಥೆರಪಿ ಕಾಲೇಜುಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಕೋರ್ಸು ಇರುವ ಕಾಲೇಜುಗಳು ತೀರಾ ಕಡಿಮೆ. ತಾಲ್ಲೂಕು ಆಸ್ಪತ್ರೆಯಲ್ಲಂತೂ ಇಂಥ ಹುದ್ದೆಯನ್ನು ಹುಡುಕಬೇಕು. 2011ರ ಜನಗಣತಿಯ ಪ್ರಕಾರ ರಾಜ್ಯದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು.

ಓದಿ ಬಂದವರು ಹಾಗಾದರೆ ಹೋಗುವುದೆಲ್ಲಿಗೆ? ಒಂದು ಪಾಲು ಹೊರದೇಶಕ್ಕೆ. ಬ್ರಿಟನ್ನಿನಲ್ಲಿ ನೋಂದಣಿ, ಅಮೆರಿಕದಲ್ಲಿ ಪರವಾನಗಿ ಪರೀಕ್ಷೆ, ಈ ದಾರಿಗಳು ವಿದ್ಯಾರ್ಥಿಗಳಿಗೆ ಮೊದಲ ವರ್ಷದಲ್ಲೇ ಬಾಯಿಪಾಠ. ಹೋಗುವವರನ್ನು ದೂರಲಾರೆ. ಅಲ್ಲಿ ರೋಗಿಯನ್ನು ಮನೆಗೆ ಕಳಿಸುವ ಮೊದಲು ಥೆರಪಿಸ್ಟಿನ ಅಭಿಪ್ರಾಯಕ್ಕೆ ತೂಕವಿದೆ. ಇಲ್ಲಿ ಎಷ್ಟೋ ಕಡೆ ಡಿಸ್ಚಾರ್ಜ್ ಆದದ್ದೇ ಅವರಿಗೆ ಮರುದಿನ ತಿಳಿಯುತ್ತದೆ. ಇನ್ನೊಂದು ದೊಡ್ಡ ಪಾಲು ನಗರದ ಮಕ್ಕಳ ಥೆರಪಿ ಕೇಂದ್ರಗಳಿಗೆ ಹೋಗುತ್ತದೆ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿಯೇ.

ಈ ಕೇಂದ್ರಗಳ ಜೀವಾಳ ಸೆನ್ಸರಿ ಇಂಟಿಗ್ರೇಷನ್. ಅಮೆರಿಕದ ಜೀನ್ ಏರ್ಸ್ ಎಂಬ ಆಕ್ಯುಪೇಷನಲ್ ಥೆರಪಿಸ್ಟ್ ಕಟ್ಟಿ, 1972ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ಮಂಡಿಸಿದ ವಿಚಾರ. ಸದ್ದು, ಸ್ಪರ್ಶ, ದೇಹದ ತೂಗಾಟ ಇವನ್ನೆಲ್ಲ ಮಿದುಳು ಒಂದಕ್ಕೊಂದು ಹೊಂದಿಸಿಕೊಳ್ಳಲಾರದೆ ಹೋದಾಗ ಮಗು ತಬ್ಬಿಬ್ಬಾಗುತ್ತದೆ ಎಂಬ ಅವರ ನೋಟದಲ್ಲಿ ಮಗುವಿನ ಬಗ್ಗೆ ಆಳವಾದ ಗೌರವವಿದೆ. ಹಟಮಾರಿ ಎನಿಸಿಕೊಂಡ ಮಗುವಿನ ಕಷ್ಟವನ್ನು ಅದು ತಂದೆತಾಯಿಗೆ ಕಾಣಿಸಿತು. ಆದರೆ ಅದರ ಮೇಲೆ ಎದ್ದುನಿಂತ ವ್ಯಾಪಾರಕ್ಕೆ ಅಷ್ಟು ಗಟ್ಟಿ ಆಧಾರವಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2012ರಲ್ಲಿ, ಇಂಥ ಥೆರಪಿಗಳ ಪರವಾದ ಸಂಶೋಧನೆ ಸೀಮಿತವಾದದ್ದು, ಇದನ್ನು ತಂದೆತಾಯಿಗೆ ತಿಳಿಸಬೇಕು ಎಂದು ವೈದ್ಯರಿಗೆ ಸೂಚಿಸಿತು. ನಮ್ಮಲ್ಲಿ ಜೋಕಾಲಿ, ಚೆಂಡಿನ ತೊಟ್ಟಿ, ಬಣ್ಣದ ದೀಪಗಳ ಕೋಣೆ ತೋರಿಸಿ ತಿಂಗಳ ಲೆಕ್ಕದಲ್ಲಿ ಸೆಷನ್ ಮಾರುವಾಗ ಈ ಮಾತನ್ನು ಹೇಳುವವರು ಕಡಿಮೆ. ತಾಯಿಯನ್ನು ಹೊರಗೆ ಕುರ್ಚಿಯಲ್ಲಿ ಕೂರಿಸುತ್ತಾರೆ. ಮಗು ಮನೆಯಲ್ಲಿ ಚಡ್ಡಿ ಹಾಕಿಕೊಳ್ಳಲು ಕಲಿಯಿತೇ, ಶಾಲೆಯಲ್ಲಿ ಡಬ್ಬಿ ತೆರೆದು ತಿಂದಿತೇ ಎಂಬ ಪ್ರಶ್ನೆಯಿಂದ ಹುಟ್ಟಿದ ವೃತ್ತಿ, ಬಾಗಿಲು ಹಾಕಿದ ಕೋಣೆಯೊಳಗೆ ತನ್ನ ಪ್ರಶ್ನೆಯನ್ನೇ ಮರೆಯುವ ಅಪಾಯದಲ್ಲಿದೆ.

ಪುರಾವೆಯ ಮಾತು ಬಂದಮೇಲೆ ಪೂರ್ತಿ ಆಡಬೇಕು, ಏಕೆಂದರೆ ಈ ವೃತ್ತಿಯ ಮೇಲಿನ ಪ್ರೀತಿ ಅದರ ಸೋಲುಗಳನ್ನು ಮುಚ್ಚಿಡಬಾರದು. 1997ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸ್ವತಂತ್ರವಾಗಿ ಬದುಕುತ್ತಿದ್ದ 361 ಹಿರಿಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಚರಿಯನ್ನು ಅರ್ಥಪೂರ್ಣ ಕೆಲಸಗಳ ಸುತ್ತ ಕಟ್ಟಿಕೊಳ್ಳಲು ಥೆರಪಿಸ್ಟ್ ನೆರವಾದವರು, ಬರೀ ಒಟ್ಟಿಗೆ ಕಾಲ ಕಳೆದವರಿಗಿಂತ ಆರೋಗ್ಯದ ಹಲವು ಅಳತೆಗಳಲ್ಲಿ ಮುಂದಿದ್ದರು. ಅದೇ ವಿದ್ಯೆಯನ್ನು ಬ್ರಿಟನ್ನಿನ ಆರೈಕೆ ಕೇಂದ್ರಗಳಲ್ಲಿದ್ದ, ಲಕ್ವ ಹೊಡೆದ 1042 ವೃದ್ಧರಿಗೆ ಒಯ್ದಾಗ, 2015ರ ವರದಿಯ ಪ್ರಕಾರ, ಗುರುತಿಸುವಂಥ ಪ್ರಯೋಜನ ಕಾಣಲಿಲ್ಲ. ನಾನು ಇದನ್ನು ಹೀಗೆ ಓದುತ್ತೇನೆ: ಮಾಡಬೇಕೆಂಬ ಕೆಲಸ, ಮಾಡಲು ಒಂದು ಮನೆ, ಕಾಯುವ ಜನ ಇದ್ದವರಲ್ಲಿ ಈ ಚಿಕಿತ್ಸೆ ಬೇರು ಬಿಡುತ್ತದೆ. ಎಲ್ಲವನ್ನೂ ಇನ್ನೊಬ್ಬರು ಮಾಡಿಕೊಡುವ ಕಡೆ, ದೇಹ ತೀರಾ ದಣಿದ ಹಂತದಲ್ಲಿ, ಅದಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದ ಬೇಕರಿ ನನಗೆ ಮುಖ್ಯವೆನಿಸುವುದೂ ಇದಕ್ಕೇ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಅಲ್ಲಿ ಮಾಡಿದ್ದನ್ನು ಜನ ದುಡ್ಡು ಕೊಟ್ಟು ಕೊಂಡು ತಿನ್ನುತ್ತಾರೆ. ಹಲಗೆಯ ತೂತಿಗೆ ಮರದ ಗೂಟ ಹಾಕಿ ತೆಗೆಯುವ ಅಭ್ಯಾಸಕ್ಕೂ ಇದಕ್ಕೂ ಬಹಳ ದೂರ.

ಅಳತೆಯ ತೊಂದರೆಗೆ ಪರಿಹಾರ ಇಲ್ಲವೆಂದಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳ ಹಿರಿಯರನ್ನು ನೋಡಿಯೇ, ಮರೆವಿನ ಕಾಯಿಲೆಯ ಸಂದರ್ಭದಲ್ಲಿ ದಿನದ ಸಾಮರ್ಥ್ಯ ಅಳೆಯುವ ಒಂದು ಭಾರತೀಯ ಪಟ್ಟಿಯನ್ನು 1990ರ ದಶಕದಲ್ಲಿ ರೂಪಿಸಿದರು. ಸಾಧನಗಳ ವಿಷಯದಲ್ಲಿ ಇನ್ನೂ ದೊಡ್ಡ ಮಾದರಿ ನಮ್ಮ ಕಣ್ಣೆದುರಿಗಿದೆ. 1960ರ ದಶಕದ ಕೊನೆಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆ ವೈದ್ಯ ಪಿ.ಕೆ. ಸೇಠಿ ಕೂಡಿ ರೂಪಿಸಿದ ಕೃತಕ ಕಾಲು ಬರಿಗಾಲಲ್ಲಿ ನಡೆಯುವವರಿಗೆ, ಕುಕ್ಕರಗಾಲಲ್ಲಿ ಕೂರುವವರಿಗೆ, ಗದ್ದೆಯ ಕೆಸರಿಗೆ ಇಳಿಯುವವರಿಗೆ ಒದಗಿತು. ವಿದೇಶದ ಕಾಲಿಗೆ ಬೂಟು ಬೇಕಿತ್ತು. ಬದುಕನ್ನು ನೋಡಿ ಕಾಲು ಮಾಡಿದ ಆ ಕ್ರಮ ಆಕ್ಯುಪೇಷನಲ್ ಥೆರಪಿಯ ಒಳಗಿನದೇ. ಆದರೂ ಈ ವೃತ್ತಿಯ ತರಗತಿಗಳಲ್ಲಿ ಪಾಠವಾಗುವುದು ಬಹುಪಾಲು ಹೊರಗಿನ ಪುಸ್ತಕ, ಹೊರಗಿನ ಅಡುಗೆಮನೆ, ಹೊರಗಿನ ಶೌಚಾಲಯ.

ಹೀಗಿದ್ದೂ, ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಸೇರಲೇ ಎಂದು ಕೇಳಿದರೆ ಸೇರು ಎನ್ನುತ್ತೇನೆ. ಜೊತೆಗೆ ಕಾಲೇಜನ್ನು ಆರಿಸುವ ಮೊದಲು ವಿದ್ಯಾರ್ಥಿಗಳನ್ನು ರೋಗಿಗಳ ಮನೆಗೆ ಕರೆದೊಯ್ಯುತ್ತಾರೋ ಇಲ್ಲವೋ ವಿಚಾರಿಸು ಎನ್ನುತ್ತೇನೆ. ವಿಶ್ವ ಒಕ್ಕೂಟ ಕನಿಷ್ಠ 1000 ಗಂಟೆಗಳ ಪ್ರಾಯೋಗಿಕ ಕಲಿಕೆ ಬೇಕೆನ್ನುತ್ತದೆ. ಅಷ್ಟನ್ನೂ ಆಸ್ಪತ್ರೆಯ ನುಣುಪು ನೆಲದ ಮೇಲೆ ಕಳೆದವರು ಮೊದಲ ಸಲ ಒದ್ದೆ ಕಲ್ಲಿನ ಬಚ್ಚಲು ನೋಡಿದಾಗ ಕೈಚೆಲ್ಲುತ್ತಾರೆ. ಮಾತಾಡುವ ಮನಸ್ಸಿದೆಯೇ ಎಂದೂ ಅವಳು ತನ್ನನ್ನು ಕೇಳಿಕೊಳ್ಳಬೇಕು. ಅತ್ತೆಗೆ ಸೊಸೆ ಸ್ನಾನ ಮಾಡಿಸುವ ಮನೆಯಲ್ಲಿ, ಮುದುಕಿ ತಾನೇ ನೀರು ಹುಯ್ದುಕೊಳ್ಳಲಿ ಎಂದು ಒಪ್ಪಿಸುವುದು ಬಹಳ ಸೂಕ್ಷ್ಮದ ಕೆಲಸ. ನೋಡಿಕೊಳ್ಳಲಿಲ್ಲ ಎಂದು ನೆರೆಯವರು ಆಡಿಕೊಂಡಾರು ಎಂದು ಸೊಸೆಗೆ ಭಯ, ಹೊರೆಯಾದೆ ಎಂದು ಅತ್ತೆಗೆ ಸಂಕಟ. ಇಬ್ಬರ ಜೊತೆಗೂ ಕೂತು ಮಾತಾಡುವ ತಾಳ್ಮೆಯನ್ನು ಯಾವ ಪಠ್ಯಕ್ರಮವೂ ಇಡಿಯಾಗಿ ಕಲಿಸಲಾರದು.

ಉಳಿದದ್ದು ಸರ್ಕಾರದ ಪಾಲು. 2021ರ ಕಾನೂನು ಈ ವೃತ್ತಿಗೆ ದೇಶಮಟ್ಟದ ನೋಂದಣಿಯ ದಾರಿ ತೆರೆದಿದೆ. ನೋಂದಣಿಯಿಂದ ಹೆಸರು ಸಿಗುತ್ತದೆ, ಕೆಲಸ ಸಿಗಲು ಹುದ್ದೆ ಬೇಕು. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಬಾಯಲ್ಲೇ ಇದೆ. ಇಂದು ಅವರ ಸಮಯದ ಬಹುಪಾಲು ಪಿಂಚಣಿ ಅರ್ಜಿ, ಗುರುತಿನ ಚೀಟಿಗಳಲ್ಲಿ ಕಳೆಯುತ್ತದೆ. ತಾಲ್ಲೂಕು ಆಸ್ಪತ್ರೆಗೊಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ನೇಮಕವಾಗಿ, ವಾರದ ಕೆಲವು ದಿನ ಈ ಕಾರ್ಯಕರ್ತರ ಜೊತೆ ಮನೆಗಳಿಗೆ ಹೋಗುವಂತಾದರೆ, ಎಲ್ಲಿ ಹಿಡಿಕೆ ಬೇಕು, ಎಲ್ಲಿ ಹೊಸ್ತಿಲು ಇಳಿಸಬೇಕು, ಯಾರಿಗೆ ಯಾವ ಸ್ಪ್ಲಿಂಟ್ ಎಂಬುದು ಅಲ್ಲೇ ತೀರ್ಮಾನವಾಗುತ್ತದೆ. ಗಾರೆಯವನು ಊರಲ್ಲೇ ಇದ್ದಾನೆ, ಬಡಗಿಯೂ ಇದ್ದಾನೆ. ಅವರಿಗೆ ಅಳತೆ ಹೇಳುವವರನ್ನು ಸಂಬಳ ಕೊಟ್ಟು ಕಳಿಸಬೇಕಾಗಿದೆ.