‘ರೈಮ್’ ಮತ್ತು ‘ಪ್ರಾಸ’: ಒಂದು ಸಮೀಕರಣದ ಮರುಪರಿಶೀಲನೆ

ಇಂಗ್ಲಿಷಿನ ‘ರೈಮ್’ ಅನ್ನು ‘ಪ್ರಾಸ’ವೆನ್ನುವ ರೂಢಿ ಎರಡು ಭಿನ್ನ ತತ್ತ್ವಗಳನ್ನು ಒಂದಾಗಿಸುತ್ತದೆ. ಕನ್ನಡದ ಆದಿಪ್ರಾಸದಲ್ಲಿ ಪಾದಗಳ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಸ್ವರ ಬದಲಾಗಬಹುದು. ‘ರೈಮ್’ನಲ್ಲಾದರೋ ಕೊನೆಯ ಒತ್ತುಳ್ಳ ಸ್ವರವೂ ಮುಂದಿನ ಧ್ವನಿಗಳೂ ಒಂದೇ ಆಗಿ, ಹಿಂದಿನ ವ್ಯಂಜನ ಬೇರೆಯಾಗಿರಬೇಕು. ‘ಅಂತ್ಯಪ್ರಾಸ’ ಎಂದರೂ ಸ್ಥಾನವಷ್ಟೇ ತಿಳಿಯುತ್ತದೆ, ಒತ್ತಿನ ಪಾತ್ರ ತಿಳಿಯದು.

‘ರೈಮ್’ ಇಂಗ್ಲಿಷ್ ಪದ್ಯದ ಆದಿಲಕ್ಷಣವೂ ಅಲ್ಲ. ‘ಬೇವುಲ್ಫ್’ನ ಪದ್ಯಬಂಧ ನಿಂತಿರುವುದು ಒತ್ತುಳ್ಳ ಪದಗಳ ಆದಿಧ್ವನಿಸಾಮ್ಯದ ಮೇಲೆ. ಅಂತ್ಯಸಾಮ್ಯ ಬೇರೂರಿದ್ದು ಲ್ಯಾಟಿನ್ ಸ್ತೋತ್ರಗಳ ಹಾಗೂ 1066ರ ನಂತರ ಫ್ರೆಂಚ್ ಕಾವ್ಯದ ಪ್ರಭಾವದಿಂದ. ಹಾಗಾಗಿ ವ್ಯಂಜನನಿಷ್ಠವಾದ ನಮ್ಮ ಪ್ರಾಸಕ್ಕೆ ಹೆಚ್ಚು ಸಮೀಪವಾದುದು ‘ರೈಮ್’ ಅಲ್ಲ. ಅದು ಪಲ್ಲಟಗೊಳಿಸಿದ ಆ ಹಳೆಯ ಕ್ರಮವೇ. ಛಂದೋವಿವೇಚನೆಯಲ್ಲಿ ‘ರೈಮ್’ ಎಂಬ ಪದವನ್ನೇ ಉಳಿಸಿಕೊಳ್ಳುವುದು ಯುಕ್ತ.